ಗುಮ್ಮಟದ ಚಂದ್ರನ ಕೊಂಬು ಯಾವ ಕಡೆ?

ಅರವತ್ತು ವರ್ಷ ಉಪ್ಪಿನ ಗೋದಾಮಾಗಿದ್ದ ಮಸೀದಿಯನ್ನು ಕಮ್ಯುನಿಸ್ಟ್ ಸರ್ಕಾರ ವಾಪಸು ಕೊಟ್ಟಾಗ ಬುಖಾರಾದ ಆ ಎರಡು ಓಣಿಯವರು ಮೊದಲು ಅತ್ತರು, ಆಮೇಲೆ ಗುಡಿಸಿದರು, ಆಮೇಲೆ ಜಗಳಕ್ಕೆ ನಿಂತರು. ಅಳು ಒಂದು ದಿನದ್ದು, ಗುಡಿಸುವುದು ಒಂದು ತಿಂಗಳದ್ದು. ಜಗಳ ಮಾತ್ರ ರಂಜಾನ್ ಪೂರ್ತಿ ನಡೆಯಿತು.

ಜಗಳ ಗುಮ್ಮಟದ ತುದಿಯ ಬಗ್ಗೆ. ಅಲ್ಲೊಂದು ತುಕ್ಕು ಹಿಡಿದ ಕಬ್ಬಿಣದ ಸಲಾಕೆ ಮಾತ್ರ ಬರಿದಾಗಿ ನಿಂತಿತ್ತು. ಅದರ ಮೇಲೆ ಚಂದ್ರ ಬೇಕು, ರಂಜಾನ್ ಮುಗಿಸುವ ಹಯಿತ್ ಹಬ್ಬದ ನಮಾಜಿಗೆ ಮುಂಚೆಯೇ ಬೇಕು ಎನ್ನುವುದರಲ್ಲಿ ಮಸೀದಿಯ ಉತ್ತರಕ್ಕಿದ್ದ ಕೊಳದ ಓಣಿಯವರಿಗೂ ದಕ್ಷಿಣಕ್ಕಿದ್ದ ಹಿಪ್ಪುನೇರಳೆ ಓಣಿಯವರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮಾಡುವವನು ಉಸ್ತಾ, ಎಂದರೆ ಕುಶಲಕರ್ಮಿ, ಖೈರುಲ್ಲಾ ಎನ್ನುವುದೂ ಇತ್ಯರ್ಥವಾಗಿತ್ತು, ಯಾಕೆಂದರೆ ಎರಡು ಓಣಿಯಲ್ಲೂ ತಾಮ್ರ ಬಡಿಯಲು ಬರುತ್ತಿದ್ದವನು ಅವನೊಬ್ಬನೇ. ಮನೆಮನೆಯಿಂದ ತೂತು ಬಿದ್ದ ಹೂಜಿ, ಹಿಡಿ ಮುರಿದ ಹಂಡೆ, ಯಾರದೋ ಅಜ್ಜಿಯ ಮದುವೆಯ ತಟ್ಟೆ, ಹೀಗೆ ಹಳೆಯ ತಾಮ್ರ ಬಂದು ಅವನ ಅಂಗಳದಲ್ಲಿ ಗುಡ್ಡೆ ಬಿತ್ತು.

"ನಿನಗೇನು ಕಷ್ಟಾನೋ?" ಎಂದರು ಕೊಳದ ಓಣಿಯ ಜೂರಾಕುಲ್ ಮೇಷ್ಟ್ರು. "ಮೂವತ್ತು ವರ್ಷ ಕಾರ್ಖಾನೇಲಿ ಮೆರವಣಿಗೆಗೆ ಕುಡುಗೋಲು ಮಾಡಿದವನು ನೀನು. ಹಿಡಿ ಕತ್ತರಿಸಿ ಬಿಸಾಕು, ಚಂದ್ರ ರೆಡಿ."

"ನೀವೂ ಹಾಗೇ ಮಾಡಿದ್ದಲ್ವೇ ಮೇಷ್ಟ್ರೇ? ಮೂವತ್ತು ವರ್ಷ ದೇವರಿಲ್ಲ ಅಂತ ಪಾಠ ಹೇಳಿದ್ರಿ. ಈಗ 'ಇಲ್ಲ' ಕತ್ತರಿಸಿ ಬಿಸಾಕಿದ್ದೀರಿ, ಪಾಠ ನಡೀತಾನೇ ಇದೆ."

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಅವರಿಗೆ ಕೋಪ ಬರುತ್ತಿದ್ದುದು ಅಪರೂಪ, ಮಾತು ನಿಲ್ಲುತ್ತಿದ್ದುದು ಇನ್ನೂ ಅಪರೂಪ.

ಆದರೆ ಕುಡುಗೋಲಿನ ಮಾತು ಉಸ್ತಾನಿಗೆ ಚುಚ್ಚಿದ್ದು ನಿಜ. ಅವನ ತಾಯಿ ಖೊಸಿಯತ್ ಮೊಮೊಗೆ, ಎಂದರೆ ಖೊಸಿಯತ್ ಅಜ್ಜಿಗೆ, ಎಂಬತ್ತಮೂರು ವರ್ಷ. ಅವಳ ಅಪ್ಪ ಉಸ್ತಾ ಹೈದರ್ ಆ ಕಾಲದ ಬುಖಾರಾದಲ್ಲಿ ಹೆಸರುವಾಸಿ ಕಂಚುಗಾರ. ಮಗ ಕಾರ್ಖಾನೆ ಸೇರಿ ತಗಡಿನ ನಕ್ಷತ್ರ ಕತ್ತರಿಸಲು ಹೊರಟ ದಿನದಿಂದ ಅವಳು ಅವನನ್ನು ಕರೆಯುತ್ತಿದ್ದುದು "ತಗಡಿನವನೇ" ಎಂದು. ಅವನು ಆಮೇಲೆ ಚಹಾ ಕಾಯಿಸುವ ತಾಮ್ರದ ಸಮೋವರ್ ಮಾಡಿದ, ಬೋಗುಣಿ ಮಾಡಿದ, ದೂರದ ತಾಷ್ಕೆಂಟಿನಿಂದ ಜನ ಹುಡುಕಿಕೊಂಡು ಬರುವಂಥ ತಟ್ಟೆಗಳನ್ನೂ ಮಾಡಿದ. ಪ್ರತಿಯೊಂದನ್ನೂ ತಾಯಿ ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, "ನಮ್ಮಪ್ಪ ಇದನ್ನೇ ಮಾಡಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿ ಕೆಳಗಿಡುತ್ತಿದ್ದಳು. ಉಸ್ತಾನಿಗೆ ಅರವತ್ತು ತುಂಬಿತ್ತು. ಮೊಮ್ಮಕ್ಕಳು ಗಡ್ಡ ಎಳೆಯುವ ವಯಸ್ಸಿನಲ್ಲಿ ಅಮ್ಮನಿಂದ ಒಂದು "ಚೆನ್ನಾಗಿದೆ" ಕೇಳುವ ಆಸೆ ಇಟ್ಟುಕೊಳ್ಳುವುದು ನಾಚಿಕೆಗೇಡು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆಸೆ ಇತ್ತು. ಈ ಚಂದ್ರನಾದರೂ ಅದನ್ನು ಕೊಡಿಸುತ್ತದೆ ಎಂದುಕೊಂಡು ಅವನು ಕುಲುಮೆ ಹೊತ್ತಿಸಿದ.

ಹಿಂದೆ ಆ ಗುಮ್ಮಟದ ತುದಿ ಹೇಗಿತ್ತು ಎಂದು ಹೇಳಬಲ್ಲವಳು ಈಗ ಮೊಮೊ ಒಬ್ಬಳೇ. ಅವಳ ಅಪ್ಪನ ಕೈಯ ಕೆಲಸ ಅಲ್ಲಿತ್ತೆಂದು ಎಲ್ಲರಿಗೂ ಗೊತ್ತು. ಅವಳ ವಾರಗೆಯವರೆಲ್ಲ ಯುದ್ಧಕ್ಕೋ ಸ್ಮಶಾನಕ್ಕೋ ಹೋಗಿಯಾಗಿತ್ತು.

"ಅಮ್ಮಾ, ಕೊಂಬು ಯಾವ ಕಡೆಗಿತ್ತು? ಎಷ್ಟು ಅಗಲ?" ಎಂದು ಉಸ್ತಾ ಕೇಳಿದ.

"ನೀನು ಮಾಡು. ಸರಿಯೋ ತಪ್ಪೋ ನಾನು ನೋಡಿ ಹೇಳ್ತೀನಿ."

"ಮಾಡಿದ ಮೇಲೆ ತಪ್ಪು ಅಂದ್ರೆ?"

"ಇನ್ನೊಂದು ಮಾಡು. ಕಾರ್ಖಾನೇಲಿ ಒಂದೇ ಥರದ್ದು ಸಾವಿರ ಕತ್ತರಿಸಿಲ್ವಾ?"

ಮಗನಿಗೆ ಸಿಗದ ಉತ್ತರ ಊರಿಗಾದರೂ ಸಿಕ್ಕೀತೆಂದು ಜನ ಬರತೊಡಗಿದರು. ದಿನವೂ ಇಫ್ತಾರಿಗೆ ಸ್ವಲ್ಪ ಮುಂಚೆ ಒಬ್ಬರಲ್ಲ ಒಬ್ಬರು ಬಾಗಿಲು ತಟ್ಟುತ್ತಿದ್ದರು. ಬರಿಗೈಯಲ್ಲಿ ಬರುವ ಪದ್ಧತಿ ಇಲ್ಲ. ಒಬ್ಬರು ಬಿಸಿ ರೊಟ್ಟಿ ತಂದರೆ, ಇನ್ನೊಬ್ಬರು ಒಣ ಏಪ್ರಿಕಾಟ್ ತರುತ್ತಿದ್ದರು. ಹೆಚ್ಚಿನವರು ತರುತ್ತಿದ್ದುದು ನಿಶಾಲ್ಡಾ. ಮೊಟ್ಟೆಯ ಬಿಳಿಯನ್ನು ಸಕ್ಕರೆಯ ಜೊತೆ ನೊರೆ ಬರುವಂತೆ ಕಡೆದು ಮಾಡುವ ಆ ಸಿಹಿ ರಂಜಾನಿನಲ್ಲಿ ಮಾತ್ರ ಸಿಗುವುದು, ಮೊಮೊಗೆ ಅದೆಂದರೆ ಪ್ರಾಣ. ಉಸ್ತಾನ ಹೆಂಡತಿ ಮಸ್ತೂರಾ ಒಂದು ಸಂಜೆ ಎಣಿಸಿದಾಗ ಜಗಲಿಯ ಮೇಲೆ ಒಂಬತ್ತು ಬಟ್ಟಲು ನಿಶಾಲ್ಡಾ ಇತ್ತು. ಮೊಮೊ ಗೋಡೆಗೊರಗಿ, ಹೊಸ ರೇಷ್ಮೆ ರುಮಾಲು ಕಟ್ಟಿಕೊಂಡು, ಪಂಚಾಯಿತಿ ಹೇಳುವವಳ ಗತ್ತಿನಲ್ಲಿ ಕೂತಿದ್ದಳು. ಬಂದವರ ಹತ್ತಿರ ಗುಟ್ಟಾಗಿ ಏನೋ ಹೇಳುತ್ತಿದ್ದಳು. ಅವರು ಹೊಳೆಯುವ ಮುಖ ಹೊತ್ತು ಹೋಗುತ್ತಿದ್ದರು.

ಮಸೀದಿಗೆ ಹೊಸದಾಗಿ ಬಂದಿದ್ದ ಇಮಾಮರು, ದೋಮ್ಲಾ ಅಜೀಮ್, ಇನ್ನೂ ಮೂವತ್ತರ ತರುಣ. ಜನ ಕೇಳಿದ್ದಕ್ಕೆ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಗುಮ್ಮಟದ ಮೇಲೆ ಚಂದ್ರ ಇರಲೇಬೇಕು ಅಂತ ಕಟ್ಟಳೆ ಏನಿಲ್ಲ. ರೋಜಾ ಯಾವತ್ತು, ಹಬ್ಬ ಯಾವತ್ತು ಅಂತ ಲೆಕ್ಕ ಹಿಡಿಯೋಕೆ ಅಲ್ಲಾಹ ಆಕಾಶದಲ್ಲೊಂದು ಚಂದ್ರ ಇಟ್ಟಿದ್ದಾನೆ. ಇದು, ದೂರದಿಂದ ಬರೋರಿಗೆ ಇಲ್ಲಿ ಮಸೀದಿ ಇದೆ ಅಂತ ತಿಳಿಯೋಕೆ ನಾವಿಡೋ ಗುರುತು. ಇದಿಲ್ದಿದ್ರೂ ನಮಾಜು ನಡೆಯುತ್ತೆ."

"ಚಿಕ್ಕ ವಯಸ್ಸು. ನಿಧಾನಕ್ಕೆ ತಿಳ್ಕೋತಾರೆ ಬಿಡಿ," ಎಂದರು ಹಿಪ್ಪುನೇರಳೆ ಓಣಿಯ ಹಿರಿಯ ಇಸ್ತಾಮ್ ಬೋಬೊ. ದೋಮ್ಲಾರ ಮಾತು ಅಲ್ಲಿಗೇ ಮುಗಿಯಿತು.

ಹಬ್ಬಕ್ಕೆ ಒಂದು ವಾರವಿರುವಾಗ ಚಂದ್ರ ತಯಾರಾಯಿತು. ಉಸ್ತಾ ಎರಡು ಹೋಳುಗಳನ್ನು ಬಡಿದು ಉಬ್ಬಿಸಿ, ಅಂಚು ಕೂಡಿಸಿ, ಮರಳು ಹಾಕಿ ಉಜ್ಜಿದ್ದ. ಅದರ ಅಡಿಗೆ ಒಂದರ ಕೆಳಗೊಂದು ಮೂರು ತಾಮ್ರದ ಗುಂಡು. ಗುಂಡು ನೋಡಿದ ಕೂಡಲೇ ಮೇಷ್ಟ್ರು, "ಭೂಮಿ, ಆಕಾಶ, ಪರಲೋಕ," ಎಂದು ಅರ್ಥ ಬಿಡಿಸಿದರು. "ಎಲ್ಲಾದ್ರೂ ಉಂಟೇ? ಹುಟ್ಟು, ಮದುವೆ, ಸಾವು," ಎಂದರು ಇಸ್ತಾಮ್ ಬೋಬೊ. ಇಬ್ಬರೂ ತೀರ್ಪಿಗಾಗಿ ಉಸ್ತಾನತ್ತ ತಿರುಗಿದರು. ಸಲಾಕೆಯಲ್ಲಿ ಮೂರು ಕಡೆ ಬೆಸುಗೆ ಕಾಣುತ್ತಿತ್ತು, ಅದನ್ನು ಮುಚ್ಚಲು ಹಾಕಿದ್ದು ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. "ಇಬ್ರದ್ದೂ ಸರಿ," ಎಂದ.

ಚಂದ್ರ ಮೇಲೇರಿತು. ಕೊಳದ ಓಣಿಯಿಂದ ನೋಡಿದರೆ ಬೆನ್ನು ಬಲಕ್ಕೆ, ಕೊಂಬು ಎಡಕ್ಕೆ. ಹಬ್ಬ ತರುವ ಹೊಸ ಚಂದ್ರ ಪಡುವಣದಲ್ಲಿ ಸಾಮಾನ್ಯವಾಗಿ ಕಾಣುವುದು ಹಾಗೆಯೇ. ಕೊಳದ ಓಣಿಯವರು ಕಣ್ಣೊರೆಸಿಕೊಂಡರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಿಪ್ಪುನೇರಳೆ ಓಣಿಯಿಂದ ಮಾತ್ರ ಇಸ್ತಾಮ್ ಬೋಬೊರ ಗಂಟಲು ಕೇಳಿಸಿತು.

"ಏಯ್ ಉಸ್ತಾ! ಈ ಕಡೆ ಬಂದು ನೋಡೋ! ಇಲ್ಲಿಂದ ಕೊಂಬು ಬಲಕ್ಕೆ ಕಾಣುತ್ತೆ. ಇದು ತಿಂಗಳ ಕೊನೇಲಿ ಸವೆದು ಹೋಗೋ ಚಂದ್ರ! ನಿಮಗೆ ಹಬ್ಬ, ನಮಗೆ ಹಬ್ಬದ ಪಾತ್ರೆ ತೊಳೆಯೋ ದಿನವಾ?"

ಉಸ್ತಾ ಓಡಿ ಹೋಗಿ ಆ ಕಡೆಯಿಂದ ನೋಡಿದ. ಬೋಬೊ ಹೇಳಿದ್ದು ಸರಿ. ಮೂವತ್ತು ವರ್ಷ ಅವನು ಮಾಡಿದ್ದ ನಕ್ಷತ್ರ ಯಾವ ಕಡೆಯಿಂದ ನೋಡಿದರೂ ನಕ್ಷತ್ರವೇ ಆಗಿತ್ತು. ಚಂದ್ರ ಹಾಗಲ್ಲ, ಒಂದು ಕಡೆಯಿಂದ ಬೆಳೆಯುತ್ತದೆ, ಇನ್ನೊಂದು ಕಡೆಯಿಂದ ಸವೆಯುತ್ತದೆ ಎನ್ನುವುದು ಅಷ್ಟು ದಿನ ಎದುರಿಗಿಟ್ಟುಕೊಂಡು ಬಡಿದರೂ ಅವನ ತಲೆಗೆ ಹೊಳೆದಿರಲಿಲ್ಲ.

ಮತ್ತೆ ಹಗ್ಗ ಕಟ್ಟಿ ಏರಿ, ಚಂದ್ರನನ್ನು ತಿರುಗಿಸಿದ. ಹಿಪ್ಪುನೇರಳೆ ಓಣಿ ಚಪ್ಪಾಳೆ ತಟ್ಟಿತು, ಕೊಳದ ಓಣಿ ಕೂಗಾಡಿತು. ಮಾರನೆಯ ದಿನ ಮತ್ತೆ ತಿರುಗಿಸಿದ. ಮೇಷ್ಟ್ರು ರೊಟ್ಟಿಯೊಂದನ್ನು ಚಂದ್ರನ ಆಕಾರಕ್ಕೆ ಮುರಿದು, ಎತ್ತಿ ಹಿಡಿದು, ಯಾವ ಚಂದ್ರನಿಗೂ ಎರಡು ಬದಿ ಇದ್ದೇ ಇರುತ್ತದೆ, ಇದು ಪ್ರಕೃತಿ ನಿಯಮ ಎಂದು ಎರಡೂ ಓಣಿಯವರಿಗೆ ವಿವರಿಸಿದರು.

"ನಿಯಮ ಒಪ್ಪಿದೆ ಮೇಷ್ಟ್ರೇ. ನೀವೇ ನಮ್ಮ ಓಣಿಗೆ ಬಂದು ಇದ್ದುಬಿಡಿ, ನಾನು ನಿಮ್ಮ ಮನೆಗೆ ಹೋಗ್ತೀನಿ," ಎಂದರು ಇಸ್ತಾಮ್ ಬೋಬೊ. "ಇಷ್ಟಕ್ಕೂ ಖೊಸಿಯತ್ ಮೊಮೊನೇ ನಂಗೆ ಹೇಳಿದ್ದಾರೆ. ಹಿಂದೆ ನಮ್ಮ ಓಣಿಯಿಂದ ನೋಡಿದ್ರೇನೇ ಹೊಸ ಚಂದ್ರ ಕಾಣ್ತಿದ್ದಿದ್ದು."

"ಸುಳ್ಳು! ನಮ್ಮ ಓಣಿಯಿಂದ ಅಂತ ನಂಗೆ ಹೇಳಿದ್ದಾರೆ!"

"ನಾನು ಎರಡು ಬಟ್ಟಲು ನಿಶಾಲ್ಡಾ ಕೊಟ್ಟು ಕೇಳ್ಕೊಂಡು ಬಂದಿದ್ದು!"

"ನಾನು ಮೂರು!"

ಏಣಿಯ ಮೇಲಿದ್ದ ಉಸ್ತಾ ಇದನ್ನೆಲ್ಲ ಕೇಳಿಸಿಕೊಂಡ. ಮೆಲ್ಲಗೆ ಚಂದ್ರನನ್ನು ಬಿಚ್ಚಿ, ಮೇಲಂಗಿಯಲ್ಲಿ ಸುತ್ತಿ, ಯಾರ ಮುಖವನ್ನೂ ನೋಡದೆ ಮನೆಗೆ ಹೊರಟ. ಅಂದು ಹಬ್ಬಕ್ಕೆ ನಾಲ್ಕೇ ದಿನ ಬಾಕಿ.

ಮೊಮೊ ಇಫ್ತಾರು ಮುಗಿಸಿ ರೊಟ್ಟಿಯಿಂದ ಬಟ್ಟಲಿನ ತಳ ಒರೆಸುತ್ತಿದ್ದಳು. ಉಸ್ತಾ ಮೂಟೆಯನ್ನು ಅವಳ ಮುಂದೆ ಇಟ್ಟ.

"ತಗೊಳ್ಳಿ ಅಮ್ಮಾ. ನಾಳೆ ದೋಮ್ಲಾಗೆ ಹೇಳಿಬಿಡ್ತೀನಿ, ನನ್ನ ಕೈಲಾಗಲ್ಲ ಅಂತ. ತಗಡಿನವನಿಗೆ ಯಾಕೆ ಬೇಕಿತ್ತು ಈ ಕೆಲಸ?"

ಮುದುಕಿ ಬಟ್ಟಲು ಕೆಳಗಿಟ್ಟಳು. ಮಗನ ದನಿ ಒಡೆದಿತ್ತು, ಅದು ಅವಳಿಗೂ ಕೇಳಿಸಿತು.

"ಬಾಗಿಲು ಹಾಕು," ಎಂದಳು. ಹಾಕಿದ. "ಈ ಮಾತು ಈ ಕೋಣೆ ದಾಟಬಾರದು."

"ಇಲ್ಲ, ಹೇಳಿ."

"ಅಲ್ಲಿ ಚಂದ್ರ ಇರಲೇ ಇಲ್ಲ."

ಉಸ್ತಾ ಅವಳ ಹತ್ತಿರಕ್ಕೆ ಸರಿದು ಕೂತ.

"ನಮ್ಮಪ್ಪ ಮಾಡಿದ್ದ. ಮಾಡಿ ಮುಗಿಸಿ, ಹೊತ್ಕೊಂಡು ಹೋಗಿ ನೋಡ್ತಾನೆ, ಸಲಾಕೆ ಮೇಲೆ ಜೋಡಿ ಕೊಕ್ಕರೆ ಗೂಡು ಕಟ್ಟಿ ಕೂತಿವೆ. ಮೊಟ್ಟೆ ಬೇರೆ ಇಟ್ಟಿವೆ. ಕೊಕ್ಕರೆ ಅಂದ್ರೆ ಹಾಜಿ, ಚಳಿಗಾಲದಲ್ಲಿ ಮಕ್ಕಾಗೆ ಹೋಗಿ ಬರುತ್ತೆ ಅಂತಿದ್ರು ಆವಾಗೆಲ್ಲ. ಹಾಜಿಯ ಮನೆ ಕೀಳೋದು ನನ್ನಿಂದಾಗಲ್ಲ, ಮರಿ ಹಾರಿದ ಮೇಲೆ ನೋಡೋಣ ಅಂದ ನಮ್ಮಪ್ಪ. ಮುಂದಿನ ವರ್ಷ ಅವು ಮತ್ತೆ ಬಂದ್ವು. ಅದರ ಮುಂದಿನ ವರ್ಷಾನೂ ಬಂದ್ವು. ಗಾಳಿಗೆ ಗೂಡು ಜಾರ್ತಿತ್ತು ಅಂತ ಕೊನೆಗೆ ಅವನೇ ಒಂದು ತಾಮ್ರದ ಬಳೆ ಮಾಡಿ ಗೂಡಿನ ಅಡಿಗೆ ಕೂರಿಸಿ ಬಂದ. ಅಲ್ಲಿದ್ದ ಅವನ ಕೈಕೆಲಸ ಅಂದ್ರೆ ಅಷ್ಟೇ."

"ಚಂದ್ರ ಏನಾಯ್ತು?"

"ಕರಗಿಸಿ ಯಾರದೋ ಮದುವೆಗೆ ಎರಡು ಕೆಟಲ್ ಮಾಡಿಕೊಟ್ಟ."

ಉಸ್ತಾನಿಗೂ ಆ ಗೂಡು ನೆನಪಿತ್ತು. ಅವನು ಚಿಕ್ಕವನಿದ್ದಾಗ ಬುಖಾರಾದಲ್ಲಿ ಗೂಡಿಲ್ಲದ ಗುಮ್ಮಟವೇ ಇರಲಿಲ್ಲ. ಆದ್ದರಿಂದಲೇ ಯಾರೂ ಗೂಡನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅದರಡಿಗೆ ಚಂದ್ರ ಇದ್ದೇ ಇದೆ ಎಂದುಕೊಂಡಿದ್ದರು. ಆಮೇಲೆ ಊರಿನ ಕೊಳಗಳನ್ನು ಬತ್ತಿಸಿದರು, ಕಪ್ಪೆ ಹೋದವು, ಕಪ್ಪೆಯ ಹಿಂದೆ ಕೊಕ್ಕರೆಗಳೂ ಹೋದವು.

"ಮತ್ತೆ ಆ ಓಣಿಗೊಂದು, ಈ ಓಣಿಗೊಂದು ಯಾಕೆ ಹೇಳಿದ್ರಿ ಅಮ್ಮಾ?"

ಮೊಮೊ ರುಮಾಲಿನ ತುದಿ ತಿರುವಿದಳು. "ಇಪ್ಪತ್ತು ವರ್ಷದಿಂದ ಈ ಜಗಲಿ ಮೇಲೆ ಕೂತಿದ್ದೀನಿ. ಔಷಧಿ ತಗೊಂಡ್ರಾ ಅನ್ನೋದು ಬಿಟ್ಟು ಯಾರಾದ್ರೂ ನನ್ನನ್ನ ಒಂದು ಮಾತು ಕೇಳಿದ್ರೇನೋ? ಈಗ ಊರಿಗೂರೇ ಬಾಗಿಲಿಗೆ ಬಂತು. ಪ್ರೀತಿಯಿಂದ ತಂದು ಕೊಡ್ತಾರೆ, ಆಸೆಯಿಂದ ಕೇಳ್ತಾರೆ. ಯಾರ ಮನಸ್ಸು ಮುರೀಲಿ? ನಿಮ್ಮ ಮನೆ ಎಲ್ಲಿ ಅಂತ ಕೇಳ್ತಿದ್ದೆ, ಅಲ್ಲಿಂದ ಹೊಸ ಚಂದ್ರ ಕಾಣ್ತಿತ್ತು ಅಂತಿದ್ದೆ." ಬಟ್ಟಲನ್ನು ಆಚೆ ಸರಿಸಿ, "ಅವರು ಮಾತಾಡ್ಕೋತಾರೆ ಅಂತ ನಂಗೇನು ಗೊತ್ತು?" ಎಂದಳು.

ಉಸ್ತಾನಿಗೆ ಕೋಪ ಬರಬೇಕಿತ್ತು, ನಗು ಬಂತು. ಅಮ್ಮನ ಮೇಲೆ ಅಂಥ ಅಕ್ಕರೆ ಅವನಿಗೆ ಎಷ್ಟೋ ಕಾಲದಿಂದ ಬಂದಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ತಾನಾದರೂ ಅವಳನ್ನು ಏನು ಕೇಳಿದ್ದೆ ಎಂದು ಯೋಚಿಸಿ ನಾಚಿಕೆಯೂ ಆಯಿತು.

"ಅಜ್ಜ ಇದ್ದಿದ್ರೆ ಈಗ ಏನು ಮಾಡ್ತಿದ್ರು ಅಮ್ಮಾ?"

"ನಮ್ಮಪ್ಪನ ಎಲುಬು ಮಣ್ಣಾಗಿ ಎಷ್ಟೋ ಕಾಲ ಆಯ್ತು. ಅವನನ್ನ ಕೇಳಬೇಡ, ನನ್ನನ್ನೂ ಕೇಳಬೇಡ. ಅವನು ಯಾರನ್ನೂ ಕೇಳ್ಲಿಲ್ಲ. ಹತ್ತಿ ನೋಡಿದ, ಯಾರಿದಾರೆ ಅಂತ ತಿಳ್ಕೊಂಡ, ಅವರಿಗೆ ಬೇಕಾದ್ದು ಮಾಡಿದ."

ಆ ಮಾತು ಉಸ್ತಾನ ಜೊತೆಯಲ್ಲೇ ಮಲಗಿ ಎದ್ದಿತು. ಬೆಳಿಗ್ಗೆ ಅವನು ಗುಮ್ಮಟ ಹತ್ತಿ, ಸಲಾಕೆ ಹಿಡಿದು ನಿಂತು, ಮೊದಲು ಉತ್ತರಕ್ಕೆ ನೋಡಿದ, ಆಮೇಲೆ ದಕ್ಷಿಣಕ್ಕೆ ನೋಡಿದ. ಎರಡೂ ಕಡೆ ಒಂದೇ ಥರದ ಮಣ್ಣಿನ ಮಾಳಿಗೆ, ಒಂದೇ ಥರ ಒಣಹಾಕಿದ ಹಾಸಿಗೆ. ಹೂಜಿ ಕೊಟ್ಟವರು ಅಲ್ಲೂ ಇದ್ದರು, ಇಲ್ಲೂ ಇದ್ದರು. ಇಳಿದು ಬಂದವನೇ ಹಳೆಯ ಚಂದ್ರನ ಬೆಸುಗೆ ಬಿಡಿಸಿದ. ಅದು ಸಣಕಲಾಗಿತ್ತು, ಮೇಷ್ಟ್ರು ಹೇಳಿದ ಹಾಗೆ ಕುಡುಗೋಲಿನ ಛಾಯೆ ಇತ್ತು. ಮೂವತ್ತು ವರ್ಷದ ಅಭ್ಯಾಸ ಕೈಯಲ್ಲಿ ಕೂತುಬಿಟ್ಟಿತ್ತು. ತಾಮ್ರವನ್ನು ಕೆಂಪಗೆ ಕಾಯಿಸಿದ, ನೀರಿಗೆ ಅದ್ದಿ ಮೆತ್ತಗೆ ಮಾಡಿದ, ಎರಡು ದಿನ ಬಡಿದ. ಈ ಸಲ ಹೊಟ್ಟೆ ತುಂಬಿಕೊಂಡ, ಅಗಲವಾದ ಚಂದ್ರ ಬಂತು. ಸಲಾಕೆ ಅದರ ಬೆನ್ನಿಗೆ ಸೇರುವಂತೆ ಮಾಡಿ, ಎರಡೂ ಕೊಂಬನ್ನು ಮೇಲಕ್ಕೆ, ಆಕಾಶಕ್ಕೆ ತಿರುಗಿಸಿದ.

ರಂಜಾನಿನ ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಅದು ಮೇಲೇರಿತು. ಉತ್ತರದಿಂದ ನೋಡಿದರೂ ದಕ್ಷಿಣದಿಂದ ನೋಡಿದರೂ ಈಗ ಒಂದೇ ಚಂದ್ರ. ತಿಂಗಳಲ್ಲಿ ಮೊದಲ ಬಾರಿಗೆ ಎರಡೂ ಓಣಿಯವರು ಒಂದೇ ಅಭಿಪ್ರಾಯಕ್ಕೆ ಬಂದರು: ಚೆನ್ನಾಗಿಲ್ಲ.

"ಎತ್ತಿನ ಕೊಂಬು," ಎಂದಿತು ಕೊಳದ ಓಣಿ.

"ಚಹಾ ಬಟ್ಟಲು," ಎಂದಿತು ಹಿಪ್ಪುನೇರಳೆ ಓಣಿ.

"ಮಲಗಿರೋ ಚಂದ್ರನ್ನ ಯಾರಾದ್ರೂ ನೋಡಿದ್ದೀರೇನ್ರಪ್ಪಾ?" ಎಂದು ಇಸ್ತಾಮ್ ಬೋಬೊ ಬೀದಿಯ ನಡುವೆ ನಿಂತು ಕೇಳಿದರು. ಯಾರೂ ನೋಡಿರಲಿಲ್ಲ. ಅಥವಾ ನೋಡಿದ್ದು ಯಾರಿಗೂ ನೆನಪಿರಲಿಲ್ಲ. ಹಬ್ಬದ ಚಂದ್ರ ಕಂಡೊಡನೆ ಜನ ಕುಣಿಯುತ್ತಾರೆ, ಕೊಂಬು ಎತ್ತ ಕಡೆಗಿದೆ ಎಂದು ನೋಡುತ್ತ ನಿಲ್ಲುವವರು ಯಾರು?

ಸಂಜೆ ಎಲ್ಲರೂ ಮಾಳಿಗೆ ಹತ್ತಿದರು. ಚಂದ್ರ ಕಂಡರೆ ನಾಳೆ ಹಯಿತ್, ಕಾಣದಿದ್ದರೆ ಇನ್ನೊಂದು ರೋಜಾ. ಮೊಮೊಳನ್ನು ಉಸ್ತಾನೂ ಮಸ್ತೂರಾನೂ ಕುರ್ಚಿಸಮೇತ ಎತ್ತಿ ಮೇಲೆ ತಂದರು. ಅವಳು ಗುಮ್ಮಟದ ಕಡೆ ದಿಟ್ಟಿಸಿದಳು. ಬಹಳ ಹೊತ್ತು ದಿಟ್ಟಿಸಿದಳು. ಏನೂ ಹೇಳಲಿಲ್ಲ. ಉಸ್ತಾನಿಗೆ ಇಡೀ ಊರಿನ ಟೀಕೆಗಿಂತ ಆ ಮೌನ ಭಾರವಾಯಿತು. ಅವನು ತಲೆ ತಗ್ಗಿಸಿ, ಹೆಬ್ಬೆರಳಿನ ಮೇಲಿದ್ದ ಸುಟ್ಟ ಗುಳ್ಳೆಯನ್ನು ಕೆರೆಯುತ್ತ ನಿಂತ.

ಸೂರ್ಯ ಇಳಿದ. ಪಡುವಣ ಏಪ್ರಿಕಾಟಿನ ಬಣ್ಣಕ್ಕೆ ತಿರುಗಿತು.

"ಅಗೋ!" ಎಂದು ಹಿಪ್ಪುನೇರಳೆ ಓಣಿಯ ಮಾಳಿಗೆಯಿಂದ ಹೆಂಗಸೊಬ್ಬಳು ಕೂಗಿದಳು. "ಅಗೋ, ಅಲ್ಲಿ!"

ಎಲ್ಲ ತಲೆಗಳೂ ತಿರುಗಿದವು. ಮಾಳಿಗೆಗಳ ಸಾಲಿನ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ ಹಬ್ಬದ ಚಂದ್ರ ಮೂಡಿತ್ತು. ಅದು ಬೆನ್ನು ಕೆಳಗೆ ಮಾಡಿ, ಎರಡು ಕೊಂಬನ್ನೂ ಮೇಲಕ್ಕೆ ಚಾಚಿ, ಆರಾಮವಾಗಿ ಮಲಗಿತ್ತು.

ಜನ ಆಕಾಶ ನೋಡಿದರು, ಗುಮ್ಮಟ ನೋಡಿದರು, ಮತ್ತೆ ಆಕಾಶ ನೋಡಿದರು.

"ವಸಂತದಲ್ಲಿ ಸೂರ್ಯನ ದಾರಿಗೂ ದಿಗಂತಕ್ಕೂ ನಡುವೆ ಇರೋ ಕೋನ..." ಎಂದು ಜೂರಾಕುಲ್ ಮೇಷ್ಟ್ರು ಶುರು ಮಾಡಿದರು.

"ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಬಾಯಿ ಮುಚ್ಕೊಂಡು ನೋಡಿ," ಎಂದರು ಇಸ್ತಾಮ್ ಬೋಬೊ, ಮಸೀದಿಯ ಆ ಬದಿಯಿಂದ. ಯಾರೋ ನಕ್ಕರು. ಆಮೇಲೆ ಎರಡೂ ಓಣಿಯ ಮಾಳಿಗೆಗಳು ಒಟ್ಟಿಗೆ ನಕ್ಕವು. ದೋಮ್ಲಾ ಮಸೀದಿಯ ಅಂಗಳದಿಂದ ಕೈಯೆತ್ತಿ ದುಆ ಮಾಡಿದರು, ಎಲ್ಲರೂ ಕೈಯೆತ್ತಿದರು.

ಕೈ ಇಳಿಸಿದ ಕೂಡಲೇ ಇಸ್ತಾಮ್ ಬೋಬೊ ಮಾಳಿಗೆಯ ಅಂಚಿಗೆ ಬಂದು ಕೂಗಿದರು. "ಖೊಸಿಯತ್ ಮೊಮೊ! ಈಗ ನಿಜ ಹೇಳಿ. ನಿಮ್ಮಪ್ಪ ಮಾಡಿದ ಚಂದ್ರಾನೂ ಹೀಗೇ ಇತ್ತು ತಾನೇ?"

ಹೌದು ಎಂದುಬಿಟ್ಟರೆ ಸಾಕು, ಜಗಳ ಶಾಶ್ವತವಾಗಿ ಮುಗಿಯುತ್ತದೆ, ಅಮ್ಮನ ಸುಳ್ಳೂ ಮುಚ್ಚಿಹೋಗುತ್ತದೆ. ಹೌದು ಅನ್ನಿ ಎಂದು ಉಸ್ತಾ ಕಣ್ಣಿನಲ್ಲೇ ಬೇಡಿಕೊಂಡ.

ಮೊಮೊ ಕುರ್ಚಿಯ ಕೈ ಹಿಡಿದು, ಬೇಡವೆಂದರೂ ಕೇಳದೆ ಎದ್ದು ನಿಂತಳು.

"ಇಲ್ಲ," ಎಂದಳು. ಎಂಬತ್ತಮೂರರ ಗಂಟಲು ಎರಡೂ ಓಣಿಗೆ ಕೇಳಿಸಿತು. "ನಮ್ಮಪ್ಪ ಅಲ್ಲಿ ಚಂದ್ರ ಇಡಲೇ ಇಲ್ಲ. ಅಲ್ಲಿದ್ದಿದ್ದು ಕೊಕ್ಕರೆ ಗೂಡು. ನಾನು ನಿಮಗೆಲ್ಲ ಸುಳ್ಳು ಹೇಳಿದ್ದೆ. ನಿಶಾಲ್ಡಾ ವಾಪಸು ಬೇಕಾದವರು ನಾಳೆ ಬಟ್ಟಲು ತಗೊಂಡು ಬನ್ನಿ."

ಇಸ್ತಾಮ್ ಬೋಬೊರ ಬಾಯಿ ತೆರೆದುಕೊಂಡಿತು. ಅದರಿಂದ ಮಾತು ಹೊರಡುವ ಮುಂಚೆಯೇ ಮೊಮೊ ಕೈಯೆತ್ತಿ ಪಡುವಣಕ್ಕೆ ತೋರಿಸಿದಳು.

"ಆ ಮೇಲಿರೋದು ಅಲ್ಲಾಹ ಮಾಡಿದ್ದು." ಕೈ ಗುಮ್ಮಟದ ಕಡೆಗೆ ಇಳಿಯಿತು. "ಈ ಕೆಳಗಿರೋದು ನನ್ನ ಮಗ ಮಾಡಿದ್ದು."

ಉಸ್ತಾ ಖೈರುಲ್ಲಾ ಮುಖ ಆಚೆ ತಿರುಗಿಸಿಕೊಂಡು, ಮಸ್ತೂರಾಳ ರುಮಾಲಿನ ಅಂಚಿನಿಂದಲೇ ಕಣ್ಣೊರೆಸಿಕೊಂಡ. ಅರವತ್ತು ವರ್ಷದ ಮನುಷ್ಯ ಮಾಳಿಗೆಯ ಮೇಲೆ ಊರೆದುರಿಗೆ ಅತ್ತ, ಅದಕ್ಕೆ ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಇಸ್ತಾಮ್ ಬೋಬೊಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ, "ಏನಂದ್ರಿ ಮೊಮೊ?" ಎಂದರು.

ಅವಳು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು.